ಭಾಷೆ ಕಲಿಸುವವರ ತರಬೇತಿ ತರಗತಿಯಲ್ಲೇ ಆಗಲಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ವಂದನೆಗಳು. ಎರಡನೇ ಭಾಷೆ ಮತ್ತು ವಿದೇಶಿ ಭಾಷೆಗಳನ್ನು ಕಲಿಸುವ ಶಿಕ್ಷಕರನ್ನು ಸಿದ್ಧಪಡಿಸುವ ಸ್ನಾತಕೋತ್ತರ ಕೋರ್ಸುಗಳ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಕನ್ನಡ ಮನೆಮಾತಲ್ಲದ ವಯಸ್ಕರಿಗೆ ಹಲವು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಈಚೆಗೆ, ಹಾಗೆ ಕಲಿಸಲು ಬರುವ ಹೊಸಬರ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಪಾಠ ಮುಗಿದ ಮೇಲೆ ಅವರೊಂದಿಗೆ ಮಾತನಾಡುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ನನ್ನ ಕೋರಿಕೆ ಇಷ್ಟು: ನಿಜವಾದ ಕಲಿಯುವವರ ಮುಂದೆ ನಿಂತು, ಅನುಭವಿಯೊಬ್ಬರ ಕಣ್ಣೆದುರು ಪಾಠ ಮಾಡುವ ಬೋಧನಾಭ್ಯಾಸವು ಈ ಕೋರ್ಸುಗಳ ಕೊನೆಯ ಕೆಲವು ವಾರಗಳ ಶಾಸ್ತ್ರವಾಗಿ ಉಳಿಯದೆ, ಮೊದಲ ಸೆಮಿಸ್ಟರಿನಿಂದಲೇ ಅವುಗಳ ಬೆನ್ನೆಲುಬಾಗಬೇಕು.

ನಾನು ಕಂಡ ಒಂದು ತರಗತಿಯನ್ನು ತಮ್ಮ ಮುಂದಿಡುತ್ತೇನೆ. ಸಾಹಿತ್ಯದಲ್ಲಿ ಒಳ್ಳೆಯ ಅಂಕ ಪಡೆದು ಎಂ.ಎ. ಮುಗಿಸಿದ್ದ ಯುವ ಶಿಕ್ಷಕಿಯೊಬ್ಬರು ಪಾಠ ಮಾಡುತ್ತಿದ್ದರು. ಇಂಗ್ಲಿಷ್ ಮಾತೃಭಾಷೆಯ ವಿದ್ಯಾರ್ಥಿಯೊಬ್ಬರು ‘ನಾನು ನೀರು ಬೇಕು’ ಎಂದರು. ಶಿಕ್ಷಕಿ ನಗುಮುಖದಿಂದಲೇ ‘ನನಗೆ ನೀರು ಬೇಕು’ ಎಂದು ತಿದ್ದಿದರು. ವಿದ್ಯಾರ್ಥಿ ತಲೆಯಾಡಿಸಿದರು, ಐದು ನಿಮಿಷ ಕಳೆಯುವಷ್ಟರಲ್ಲಿ ‘ನಾನು ಪುಸ್ತಕ ಬೇಕು’ ಎಂದರು. ಎರಡನೇ ಸಲವೂ ತಿದ್ದಿದಾಗ ಅವರು ಪುಸ್ತಕ ಮುಚ್ಚಿಟ್ಟು, ‘ನಾನು ನೀರು ಕುಡಿಯುತ್ತೇನೆ’ ಎನ್ನುವುದು ಸರಿಯಾದರೆ ‘ನಾನು ನೀರು ಬೇಕು’ ಎನ್ನುವುದು ಏಕೆ ತಪ್ಪು ಎಂದು ಇಂಗ್ಲಿಷಿನಲ್ಲಿ ಕೇಳಿದರು. ‘ನಾವು ಹಾಗೇ ಹೇಳೋದು’ ಎನ್ನುವುದರ ಹೊರತು ಶಿಕ್ಷಕಿಗೆ ಬೇರೆ ಉತ್ತರ ಹೊಳೆಯಲಿಲ್ಲ.

ಉತ್ತರ ಇತ್ತು. ಬೇಕು, ಗೊತ್ತು, ಇಷ್ಟ, ಅರ್ಥವಾಯಿತು, ಹಸಿವಾಗಿದೆ, ಇವು ಯಾವುವೂ ನಾವು ಮಾಡುವ ಕೆಲಸಗಳಲ್ಲ, ನಮಗೆ ಆಗುವ ಅನುಭವಗಳು. ಅನುಭವಿಸುವವರನ್ನು ಕನ್ನಡ ಚತುರ್ಥಿ ವಿಭಕ್ತಿಯಲ್ಲಿ, ಅಂದರೆ ‘ನನಗೆ’, ‘ಅವರಿಗೆ’ ಎಂಬ ರೂಪದಲ್ಲಿ, ನಿಲ್ಲಿಸುತ್ತದೆ. ಈ ಒಂದು ಮಾತನ್ನು ನಾಲ್ಕು ಉದಾಹರಣೆಗಳ ಮೂಲಕ ತೋರಿಸಿದ್ದರೆ ಆ ವಿದ್ಯಾರ್ಥಿಗೆ ಹತ್ತಾರು ವಾಕ್ಯಗಳ ಬಾಗಿಲು ಒಮ್ಮೆಗೇ ತೆರೆಯುತ್ತಿತ್ತು. ಹಿಂದಿ ಮಾತನಾಡುವವರು ಇದೇ ಜಾಗದಲ್ಲಿ ಅಷ್ಟಾಗಿ ಎಡವುವುದಿಲ್ಲ, ಏಕೆಂದರೆ ಅವರ ‘ಮುಝೆ ಪಾನೀ ಚಾಹಿಯೇ’ ಕನ್ನಡದ ಹಾದಿಯಲ್ಲೇ ಇದೆ. ಆದರೆ ನಿರ್ಜೀವ ವಸ್ತುಗಳಿಗೂ ಗಂಡು ಹೆಣ್ಣೆಂಬ ಲಿಂಗಭೇದವಿರುವ ಭಾಷೆಯಿಂದ ಬಂದ ಅವರು ‘ಬಸ್ಸು ಬಂತು’ ಎನ್ನುವಲ್ಲಿ ತಡವರಿಸಬಹುದು. ಹೀಗೆ ಒಂದೇ ಕೊಠಡಿಯಲ್ಲಿ ಕೂತ ಇಬ್ಬರು ಬೇರೆ ಬೇರೆ ಕಡೆ ಎಡವುತ್ತಾರೆ, ಬೇರೆ ಬೇರೆ ಕಾರಣಕ್ಕೆ ಎಡವುತ್ತಾರೆ. ಹುಟ್ಟಿನಿಂದ ಕನ್ನಡವಾಡುವವರಿಗೆ ಇದು ಕಾಣುವುದಿಲ್ಲ, ಯಾರಾದರೂ ತೋರಿಸಿಕೊಡಬೇಕು. ಆ ಶಿಕ್ಷಕಿಗೆ ತೋರಿಸಿಕೊಟ್ಟವರಿರಲಿಲ್ಲ. ನನಗೂ ಇರಲಿಲ್ಲ: ನಾನು ಓದಿದ ವಿಭಾಗದಲ್ಲಿ ಬೋಧನಾ ವಿಧಾನದ ಪತ್ರಿಕೆಯನ್ನು ನೋಟ್ಸ್ ಬರೆಸಿ ಮುಗಿಸಿದ್ದರು, ಎರಡು ವರ್ಷಗಳಲ್ಲಿ ಒಬ್ಬನೇ ಒಬ್ಬ ಕಲಿಯುವವನ ಮುಂದೆ ನಮ್ಮನ್ನು ನಿಲ್ಲಿಸಿರಲಿಲ್ಲ.

ಈ ವಿಷಯದಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ ಎನ್ನುವುದೇ ನನ್ನ ಸಂಕಟ. ಕಲಿಯುವವರ ತಪ್ಪುಗಳು ಅಳಿಸಿಹಾಕಬೇಕಾದ ಕಸವಲ್ಲ, ಅವರ ಮನಸ್ಸಿನಲ್ಲಿ ರೂಪುಗೊಳ್ಳುತ್ತಿರುವ ವ್ಯಾಕರಣದ ಕುರುಹು ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ ವಾದಿಸಿದ್ದು 1967ರಲ್ಲಿ. ಆ ರೂಪುಗೊಳ್ಳುವ ಭಾಷೆಗೆ ಇನ್ನೊಬ್ಬ ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ 1972ರಲ್ಲಿ ‘ಇಂಟರ್‌ಲ್ಯಾಂಗ್ವೇಜ್’ ಎಂಬ ಹೆಸರನ್ನು ನೆಲೆಗೊಳಿಸಿದರು. ಆ ಶಿಕ್ಷಕಿ ಮಾಡಿದಂತೆ ತಪ್ಪು ವಾಕ್ಯವನ್ನು ಸರಿಯಾದ ರೂಪದಲ್ಲಿ ತಾವೇ ಮರಳಿ ಹೇಳಿಬಿಡುವ ತಿದ್ದುಪಡಿಯನ್ನು ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಕೆನಡಾದ ಫ್ರೆಂಚ್ ಮಾಧ್ಯಮದ ತರಗತಿಗಳಲ್ಲಿ ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದರು. ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಬಗೆಯವೇ ಆಗಿದ್ದವು, ಮತ್ತು ಮಕ್ಕಳಿಂದ ಅತಿ ಕಡಿಮೆ ಪ್ರತಿಕ್ರಿಯೆ ಬಂದದ್ದೂ ಇವಕ್ಕೇ. ಸರಿಯಾದ ರೂಪವನ್ನು ಕಲಿಯುವವರ ಬಾಯಿಂದಲೇ ಹೊರಡಿಸಲು ಯತ್ನಿಸಿದಾಗ ಫಲ ಬೇರೆಯಾಗಿತ್ತು. ಇದನ್ನು ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆದವರೇ ಮಾರನೆಯ ದಿನ ತರಗತಿಗೆ ಹೋಗಿ ಮತ್ತೆ ಹಾಗೆಯೇ ತಿದ್ದುತ್ತಾರೆ.

ಕಾರಣ ಸೋಮಾರಿತನವಲ್ಲ. ಶಿಕ್ಷಕರಾಗುವವರೆಲ್ಲ ವಿದ್ಯಾರ್ಥಿಗಳಾಗಿ ಸಾವಿರಾರು ಗಂಟೆ ಇತರರ ಪಾಠ ನೋಡಿಯೇ ಬಂದಿರುತ್ತಾರೆ, ಆದರೆ ಆ ಪಾಠದ ಹಿಂದಿನ ತಯಾರಿ ಮತ್ತು ಆಲೋಚನೆ ಅವರಿಗೆ ಕಂಡಿರುವುದಿಲ್ಲ ಎಂದು ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಗುರುತಿಸಿದ್ದರು. ಅಷ್ಟು ವರ್ಷಗಳ ರೂಢಿಯನ್ನು ಉಪನ್ಯಾಸಗಳು ಅಲುಗಿಸಲಾರವು. ಪಾಠ ಮಾಡಿ, ಅದನ್ನು ರೆಕಾರ್ಡ್ ಮಾಡಿಕೊಂಡು, ಅದರ ಹತ್ತು ನಿಮಿಷಗಳನ್ನಾದರೂ ಅಕ್ಷರಕ್ಕಿಳಿಸಿ, ಪಕ್ಕದಲ್ಲಿ ಕೂತ ಮಾರ್ಗದರ್ಶಕರೊಂದಿಗೆ ಸಾಲುಸಾಲಾಗಿ ಓದಿದಾಗ ಮಾತ್ರ ಅದು ಅಲುಗುತ್ತದೆ. ನಾನು ಮೊದಲ ಬಾರಿ ನನ್ನ ಪಾಠವನ್ನು ಹೀಗೆ ಬರೆದಿಳಿಸಿದಾಗ ಪುಟದ ತುಂಬ ನನ್ನದೇ ಮಾತು ಇತ್ತು. ಪ್ರಶ್ನೆ ಕೇಳಿ, ಉಸಿರು ಬಿಡುವಷ್ಟೂ ಪುರುಸೊತ್ತು ಕೊಡದೆ ನಾನೇ ಉತ್ತರ ಹೇಳಿದ್ದೆ. ಹೊಸ ಭಾಷೆಯಲ್ಲಿ ವಾಕ್ಯ ಕಟ್ಟುತ್ತಿರುವವರಿಗೆ ಪದ ಹುಡುಕಿ, ಪ್ರತ್ಯಯ ಹಚ್ಚಿ, ಕ್ರಿಯಾಪದ ಹೊಂದಿಸಿಕೊಳ್ಳಲು ಸಮಯ ಬೇಕೆಂದು ನಾನು ಓದಿದ್ದೆ. ಅಂದಿನಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುತ್ತೇನೆ.

ಇದೇ ಕಾರಣಕ್ಕೆ, ಪ್ರತಿಯೊಬ್ಬ ತರಬೇತಿ ವಿದ್ಯಾರ್ಥಿಯೂ ತನಗೆ ಲಿಪಿಯೂ ಗೊತ್ತಿಲ್ಲದ ಒಂದು ಭಾಷೆಯನ್ನು ಒಂದು ಸೆಮಿಸ್ಟರಾದರೂ ಕಲಿತು, ದಿನಚರಿ ಬರೆಯುವಂತಾಗಬೇಕು. ಒಂದು ಪದ ಬಾಯಿಗೆ ಬಾರದೆ ಎಲ್ಲರೆದುರು ನಿಲ್ಲುವುದು ಹೇಗಿರುತ್ತದೆ ಎಂಬುದನ್ನು ಬೇರೆ ಯಾವ ದಾರಿಯಿಂದಲೂ ತಿಳಿಯಲಾಗದು.

ಎರಡನೇ ಭಾಷೆಯನ್ನೂ ವಿದೇಶಿ ಭಾಷೆಯನ್ನೂ ಒಂದೇ ಮೂಟೆಯಲ್ಲಿ ಕಟ್ಟುವ ಅಭ್ಯಾಸವನ್ನೂ ಬಿಡಬೇಕಾಗಿದೆ. ಎರಡನೇ ಭಾಷೆ ಕಲಿಯುವವರಿಗೆ ತರಗತಿಯಿಂದ ಹೊರಬಿದ್ದ ಕೂಡಲೇ ಅದು ಕಿವಿಗೆ ಬೀಳುತ್ತದೆ. ಹೊರಗೆ ಕೇಳಿದ್ದನ್ನು ಒಳಗೆ ತಂದು ಬಿಡಿಸಿಕೊಡುವುದು ಅಲ್ಲಿ ಶಿಕ್ಷಕರ ಕೆಲಸ. ವಿದೇಶಿ ಭಾಷೆಯಲ್ಲಿ ತರಗತಿಯೇ ಸರ್ವಸ್ವ, ಆ ಭಾಷೆ ಕೇಳುವ ಓದುವ ಸಾಮಗ್ರಿಯನ್ನೆಲ್ಲ ಶಿಕ್ಷಕರೇ ಹೊತ್ತು ತರಬೇಕು. ಎರಡಕ್ಕೂ ಒಂದೇ ಬಗೆಯ ಪಾಠ ಯೋಜನೆ ಬರೆಸುವುದರಲ್ಲಿ ಅರ್ಥವಿಲ್ಲ.

ಮಾರ್ಗದರ್ಶಕರು ಎಲ್ಲಿದ್ದಾರೆ, ವೆಚ್ಚ ಯಾರು ಭರಿಸಬೇಕು ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಅನುಭವಿ ಶಿಕ್ಷಕರು ಈಗಲೂ ಇದ್ದಾರೆ. ಆದರೆ ಇನ್ನೊಬ್ಬರ ಪಾಠ ನೋಡಿ ತಿದ್ದುವುದು ಅವರ ಕಾರ್ಯಭಾರದ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಅದಕ್ಕೆ ಯಾರೂ ಮುಂದೆ ಬರುವುದಿಲ್ಲ. ಅದು ಲೆಕ್ಕಕ್ಕೆ ಸೇರಲಿ, ಕೋರ್ಸಿನ ಪ್ರವೇಶ ಸಂಖ್ಯೆ ಮಾರ್ಗದರ್ಶಕರ ಸಂಖ್ಯೆಗೆ ತಕ್ಕಷ್ಟೇ ಇರಲಿ. ಸಾಮಾನ್ಯ ಶಾಲೆಗಳ ತರಗತಿಗಳಲ್ಲಿ ಗಂಭೀರ ಪ್ರಯೋಗ ಸಾಧ್ಯವಿಲ್ಲ ಎನ್ನುವವರಿಗೆ, ಭಾಷಾ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರು ವ್ಯಾಕರಣ ಪಾಠದ ಬದಲು ಚಟುವಟಿಕೆಗಳ ಮೂಲಕ ಇಂಗ್ಲಿಷ್ ಕಲಿಸಲು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಪ್ರಯೋಗವನ್ನು ನೆನಪಿಸಬಯಸುತ್ತೇನೆ. ಚಟುವಟಿಕೆ ಆಧಾರಿತ ಭಾಷಾ ಬೋಧನೆಯ ಚರ್ಚೆ ಇಂದಿಗೂ ಆ ಪ್ರಯೋಗವನ್ನು ದಾಟಿಕೊಂಡೇ ಹೋಗಬೇಕಾಗಿದೆ.

ಆದುದರಿಂದ, ಪಠ್ಯಕ್ರಮ ಪರಿಷ್ಕರಣೆಯಾಗುವಾಗ ಒಟ್ಟು ಕ್ರೆಡಿಟ್‌ಗಳ ಕನಿಷ್ಠ ಮೂರನೇ ಒಂದು ಭಾಗವನ್ನು ಮಾರ್ಗದರ್ಶನದಲ್ಲಿ ನಡೆಯುವ ಬೋಧನಾಭ್ಯಾಸಕ್ಕೆ ಮೀಸಲಿಡಬೇಕೆಂದೂ, ಅದನ್ನು ಮೂರು ಗಂಟೆಯ ಲಿಖಿತ ಪರೀಕ್ಷೆಯಿಂದ ಅಳೆಯದೆ, ಪಾಠದ ರೆಕಾರ್ಡಿಂಗ್, ಬರಹಕ್ಕಿಳಿಸಿದ ಸಂಭಾಷಣೆ, ಕಲಿಯುವವರ ತಪ್ಪುಗಳ ವಿಶ್ಲೇಷಣೆ ಇವುಗಳನ್ನೊಳಗೊಂಡ ಕಡತದಿಂದ ಅಳೆಯಬೇಕೆಂದೂ ಕೋರುತ್ತೇನೆ. ಜೊತೆಗೆ, ಭಾಷಾ ಶಿಕ್ಷಕರ ನೇಮಕಾತಿ ನಿಯಮಗಳಲ್ಲಿ ಈ ಪದವಿಗೆ ಸಾಹಿತ್ಯದ ಎಂ.ಎ.ಗೆ ಸಮನಾದ ಮಾನ್ಯತೆ ಸಿಗಬೇಕು. ಅದಿಲ್ಲದಿದ್ದರೆ ಎಷ್ಟೇ ಒಳ್ಳೆಯ ಕೋರ್ಸು ರೂಪಿಸಿದರೂ ಅದಕ್ಕೆ ಸೇರುವವರು ಇರುವುದಿಲ್ಲ. ಆ ಯುವ ಶಿಕ್ಷಕಿ ಅಂದು ಪಾಠ ಮುಗಿಸಿ ಬಂದು, ‘ಇದನ್ನೆಲ್ಲ ಎಲ್ಲಿ ಕಲಿಯಬಹುದು, ಸರ್?’ ಎಂದು ಕೇಳಿದ್ದರು. ಅವರಿಗೆ ಒಂದು ವಿಳಾಸ ಕೊಡಲು ನನ್ನಿಂದ ಆಗಲಿಲ್ಲ. ಪಠ್ಯಕ್ರಮ ಸಮಿತಿಯನ್ನು ರಚಿಸುವ ಮುನ್ನ ತರಗತಿಯಲ್ಲಿರುವ ಕೆಲವು ಶಿಕ್ಷಕರ ಮಾತನ್ನು ಕೇಳಲು ತಾವು ಒಂದು ಗಂಟೆ ಸಮಯ ಕೊಟ್ಟರೆ, ನಮ್ಮ ಪಾಠಗಳ ರೆಕಾರ್ಡಿಂಗ್‌ಗಳೊಂದಿಗೆ ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಭಾಷಾ ಶಿಕ್ಷಕ