ವೇಷವಲ್ಲ, ಸ್ವರ ಕೇಳಿ

ಮಾನ್ಯರೇ,

ಜಪಾನಿನ ಭಾವಪ್ರಧಾನ ಜನಪ್ರಿಯ ಗಾಯನ ಪ್ರಕಾರವಾದ ‘ಎಂಕಾ’ ಹಾಡಿ ಹೆಸರಾದ ಕಪ್ಪುವರ್ಣೀಯ ಅಮೆರಿಕನ್ ಗಾಯಕ ಜೆರೊ ಕುರಿತ ನಿಮ್ಮ ಪತ್ರಿಕೆಯ ವರದಿಯಲ್ಲಿ ಅವರ ಮೈಬಣ್ಣ, ಟೋಪಿ, ಹಿಪ್‌ಹಾಪ್ ಉಡುಪಿಗೆ ಸಿಕ್ಕ ಜಾಗ ಗಾಯನಕ್ಕೆ ಸಿಗದಿದ್ದುದು ಬೇಸರ ತಂದಿತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬೆಳೆದ ಅವರಿಗೆ ಚಿಕ್ಕಂದಿನಲ್ಲೇ ಎಂಕಾದ ರುಚಿ ಹತ್ತಿಸಿದವರು ಜಪಾನ್ ಮೂಲದ ಅಜ್ಜಿ. 2008ರಲ್ಲಿ, 26ರ ಹರೆಯದಲ್ಲಿ ಮೊದಲ ಹಾಡು ಹೊರಬಂದ ವರ್ಷವೇ ಅವರು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಪ್ರತಿಷ್ಠಿತ ವರ್ಷಾಂತ್ಯದ ಗಾಯನ ಕಾರ್ಯಕ್ರಮದ ವೇದಿಕೆ ಏರಿದರು. ಬರೀ ವೇಷದ ಕುತೂಹಲದಿಂದ ಇದು ಆಗುವಂಥದ್ದಲ್ಲ. ಎಂಕಾದಲ್ಲಿ ಸ್ವರವನ್ನು ಬಳುಕಿಸುವ ‘ಕೊಬುಶಿ’ ಎಂಬ ಕುಸುರಿಯಿದೆ. ನಮ್ಮ ಗಮಕವನ್ನು ನೆನಪಿಸುವ ಅದನ್ನು ಕೇಳಿ ಕೇಳಿಯೇ ಒಲಿಸಿಕೊಳ್ಳಬೇಕು. ಎರಡು ಸಂಸ್ಕೃತಿಗಳ ನಡುವೆ ಬೆಳೆದ ಇಂತಹ ಕಲಾವಿದರ ಬಗ್ಗೆ ಪತ್ರಿಕೆಯು ಸಂಗೀತ ಬಲ್ಲವರಿಂದಲೇ ಬರೆಸಲಿ.

– ಸಂಗೀತಾಸಕ್ತ ಓದುಗ, ಮೈಸೂರು