ತಂತ್ರಾಂಶಗಳಿವೆ, ತಾಳೆಯಿಲ್ಲ

ಸಂಪಾದಕರಿಗೆ,

ಮಾನ್ಯರೆ,

ಸರ್ಕಾರದ ಲೆಕ್ಕಪತ್ರ ವ್ಯವಸ್ಥೆಯನ್ನು ಆಧುನೀಕರಿಸಬೇಕೆಂಬ ಮಾತು ಬಂದಾಗಲೆಲ್ಲ ಹೊಸದೊಂದು ತಂತ್ರಾಂಶ ತರುವ ಘೋಷಣೆಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಲೆಕ್ಕ ಶಾಖೆಯಲ್ಲೇ ಸೇವೆ ಮುಗಿಸಿದ ನನ್ನ ಅಭಿಪ್ರಾಯದಲ್ಲಿ ನಮಗೆ ತಂತ್ರಾಂಶಗಳ ಕೊರತೆಯಿಲ್ಲ; ಒಂದರಲ್ಲಿ ಬರೆದ ಲೆಕ್ಕ ಇನ್ನೊಂದಕ್ಕೆ ತಾನಾಗಿ ತಲುಪುವ ಏರ್ಪಾಡಿಲ್ಲ.

ಖಜಾನೆಗಳ ಗಣಕೀಕರಣವನ್ನು ಕರ್ನಾಟಕ ಎರಡು ದಶಕಗಳ ಹಿಂದೆಯೇ ಮಾಡಿತು. ಇಂದು ಇಲಾಖೆಗಳ ಬಿಲ್ಲುಗಳು ಖಜಾನೆ-2 ಎಂಬ ತಂತ್ರಾಂಶದಲ್ಲಿ ಸಾಗುತ್ತವೆ, ವೇತನ ನೌಕರರ ವಿವರಗಳ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಸಿದ್ಧವಾಗುತ್ತದೆ, ಕೇಂದ್ರ ಯೋಜನೆಗಳ ಹಣ ಕೇಂದ್ರದ ಹಣಕಾಸು ನಿರ್ವಹಣಾ ತಂತ್ರಾಂಶವಾದ ಪಿಎಫ್‌ಎಂಎಸ್‌ನಲ್ಲಿ ದಾಖಲಾಗುತ್ತದೆ. ಗ್ರಾಮ ಪಂಚಾಯಿತಿಗಳಿಗೆ ರಾಜ್ಯದ ‘ಪಂಚತಂತ್ರ’ ತಂತ್ರಾಂಶವಿದ್ದರೂ 2020ರಿಂದ ಕೇಂದ್ರದ ಇ-ಗ್ರಾಮಸ್ವರಾಜ್ ಕೂಡ ಸೇರಿತು. ಹಣಕಾಸು ಆಯೋಗದ ಅನುದಾನ ಒಂದು ಕಡೆ, ಸ್ವಂತ ವರಮಾನ ಇನ್ನೊಂದು ಕಡೆ, ಗ್ರಾಮೀಣ ಉದ್ಯೋಗ ಖಾತರಿಯ ಹಣ ಮತ್ತೊಂದು ಕಡೆ. ಇಷ್ಟನ್ನೂ ಒಟ್ಟುಗೂಡಿಸಿ ವರ್ಷಾಂತ್ಯಕ್ಕೆ ಅಖೈರು ಶಿಲ್ಕು, ಅಂದರೆ ಕೊನೆಗೆ ಉಳಿದ ಹಣ, ಹೇಳಬೇಕಾದ ಲೆಕ್ಕ ಸಹಾಯಕರು ಕೊನೆಗೆ ಎಕ್ಸೆಲ್ ಹಾಳೆಯನ್ನೇ ನಂಬುತ್ತಾರೆ.

ತೊಡಕು ಇನ್ನೂ ಆಳದಲ್ಲಿದೆ. ರಾಜ್ಯ ಸರ್ಕಾರದ ಲೆಕ್ಕ ನಗದು ಆಧಾರದ್ದು. ಅನುದಾನ ಖಜಾನೆಯಿಂದ ಹೊರಬಿದ್ದ ದಿನವೇ ಅದು ಸರ್ಕಾರದ ಪುಸ್ತಕದಲ್ಲಿ ಖರ್ಚು. ಅದೇ ಹಣ ನಗರಸಭೆಯ ಬ್ಯಾಂಕ್ ಖಾತೆಯಲ್ಲಿ ಎಷ್ಟೋ ತಿಂಗಳು ಕದಲದೆ ಕುಳಿತಿದ್ದರೂ ರಾಜ್ಯದ ಲೆಕ್ಕದಲ್ಲಿ ಆ ಸಂಗತಿ ಕಾಣುವುದಿಲ್ಲ. ನಗರ ಸ್ಥಳೀಯ ಸಂಸ್ಥೆಗಳಿಗಾದರೋ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಪ್ರತಿ ವ್ಯವಹಾರವನ್ನೂ ಜಮಾ, ಖರ್ಚು ಎರಡೂ ಬದಿಯಲ್ಲಿ ಬರೆಯುವ ಜೋಡಿ ನಮೂದು ಪದ್ಧತಿಯಿದ್ದು, ಆಸ್ತಿ ಮತ್ತು ಹೊಣೆಗಳನ್ನೂ ತೋರಿಸಬೇಕಾಗುತ್ತದೆ. ಹೀಗೆ ಒಂದೇ ರೂಪಾಯಿಗೆ ಎರಡು ಪದ್ಧತಿಯ ಲೆಕ್ಕ; ಅವೆರಡನ್ನೂ ಹೊಂದಿಸಿ ನೋಡಲು ನಮಗಿರುವ ದಾಖಲೆ ಹಣ ಬಳಕೆ ಪ್ರಮಾಣಪತ್ರವೊಂದೇ, ಅದೂ ಕೈಯಲ್ಲಿ ತಯಾರಿಸಿದ್ದು.

ನಾನು ಕಂಡ ಒಂದು ಪ್ರಕರಣವನ್ನು ಹೇಳುತ್ತೇನೆ. ಚರಂಡಿ ಕಾಮಗಾರಿಯೊಂದರ ಬಿಲ್ಲಿನಲ್ಲಿ ಗುತ್ತಿಗೆದಾರರಿಂದ ಭದ್ರತಾ ಠೇವಣಿ ಮುರಿದುಕೊಳ್ಳಲಾಗಿತ್ತು. ಅಳತೆ ಪುಸ್ತಕ ಎಂಜಿನಿಯರಿಂಗ್ ಶಾಖೆಯಲ್ಲಿ, ಪಾವತಿಯ ದಾಖಲೆಯಾದ ವೋಚರ್ ಲೆಕ್ಕ ಶಾಖೆಯಲ್ಲಿ, ಠೇವಣಿ ವಹಿ ಬೇರೊಬ್ಬ ಗುಮಾಸ್ತರ ಬೀರುವಿನಲ್ಲಿ. ನಿರ್ವಹಣಾ ಅವಧಿ ಮುಗಿದು ಗುತ್ತಿಗೆದಾರರು ಠೇವಣಿ ವಾಪಸ್ ಕೇಳಿದಾಗ, ಮುರಿದ ಹಣ ಬಿಲ್ಲಿನಲ್ಲಿತ್ತು, ವಹಿಯಲ್ಲಿರಲಿಲ್ಲ. ಯಾರೂ ಆ ಹಣವನ್ನು ನುಂಗಿರಲಿಲ್ಲ. ಮೂರು ಕಡೆ ಬರೆಯಬೇಕಾದದ್ದನ್ನು ಎರಡೇ ಕಡೆ ಬರೆದಿದ್ದರು, ಅಷ್ಟೇ. ಕಾಮಗಾರಿಗೆ ಒಂದೇ ಸಂಖ್ಯೆ ಕೊಟ್ಟು, ಅಳತೆ ದಾಖಲಿಸಿದಾಗಲೇ ಬಿಲ್ಲು, ಕಡಿತ, ಠೇವಣಿ, ಆಸ್ತಿ ವಹಿ ಎಲ್ಲವೂ ಅದರಿಂದಲೇ ಹುಟ್ಟುವಂತಿದ್ದರೆ ಆ ಮನುಷ್ಯ ಕಚೇರಿಗೆ ಅಲೆಯಬೇಕಾಗಿರಲಿಲ್ಲ. ಸಮಗ್ರ ತಂತ್ರಾಂಶದಿಂದ ನಾನು ಬಯಸುವುದು ಇದನ್ನೇ.

ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಆಯ್ಕೆಯಾಯಿತು. ಅಲ್ಲಿ ಕಾಮಗಾರಿ ಮಾಡಿಸಿದ್ದು ಪ್ರತ್ಯೇಕ ಕಂಪನಿ, ಮುಂದೆ ನಿರ್ವಹಿಸಬೇಕಾದದ್ದು ಮಹಾನಗರ ಪಾಲಿಕೆ. ಇಂಥ ಏರ್ಪಾಡಿನಲ್ಲಿ ಆಸ್ತಿಗಳ ಲೆಕ್ಕ ಒಂದು ಪುಸ್ತಕದಿಂದ ಇನ್ನೊಂದಕ್ಕೆ ತಪ್ಪದೆ ದಾಟುವುದು ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಂಕ್ ತಾಳೆಯ, ಅಂದರೆ ನಮ್ಮ ಪುಸ್ತಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ಹೋಲಿಸಿ ನೋಡುವ, ವಿಷಯವನ್ನಂತೂ ಲಘುವಾಗಿ ಕಾಣಲೇಬಾರದು. 2024ರಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ ಕೋಟ್ಯಂತರ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದ ಸಂಗತಿ ಹೊರಬಿದ್ದದ್ದು ಅಲ್ಲಿನ ಲೆಕ್ಕ ಅಧೀಕ್ಷಕರೊಬ್ಬರು ಪ್ರಾಣ ಕಳೆದುಕೊಂಡ ಮೇಲೆ. ನಿಗಮ, ಮಂಡಳಿ, ಸ್ಥಳೀಯ ಸಂಸ್ಥೆಗಳ ಪ್ರತಿಯೊಂದು ಬ್ಯಾಂಕ್ ಖಾತೆಯ ವಿವರ ಪ್ರತಿದಿನವೂ ಲೆಕ್ಕ ತಂತ್ರಾಂಶಕ್ಕೆ ಬಂದು, ವೋಚರ್ ಇಲ್ಲದ ವರ್ಗಾವಣೆ ಮರುದಿನವೇ ಮೇಲಧಿಕಾರಿಗೂ ಹಣಕಾಸು ಇಲಾಖೆಗೂ ಕಾಣುವಂತಿರಬೇಕು. ನನ್ನ ಕಚೇರಿಯಲ್ಲಿ ಲೆಕ್ಕ ಅಧೀಕ್ಷಕನಾಗಿಯೇ ಕುಳಿತಿದ್ದ ನನಗೆ ಆ ಸಾವು ಇಂದಿಗೂ ಸಂಕಟ ತರುತ್ತದೆ.

ಯಾವ ತಂತ್ರಾಂಶವೂ ಜನರಿಲ್ಲದೆ ನಡೆಯದು. ಡಿಜಿಟಲ್ ಸಹಿ ಹಾಕಲು ಗಣಕಯಂತ್ರಕ್ಕೆ ಚುಚ್ಚುವ ಡಾಂಗಲ್ ಮತ್ತು ಪಾಸ್‌ವರ್ಡ್ ಎರಡನ್ನೂ ಹೊರಗುತ್ತಿಗೆಯ ಆಪರೇಟರ್ ಕೈಗೆ ಕೊಟ್ಟು ಅಧಿಕಾರಿಗಳು ಸಭೆಗೆ ಹೋಗುವ ರೂಢಿ ಇರುವವರೆಗೆ, ಬಿಲ್ಲು ತಯಾರಿಸುವವರು ಬೇರೆ, ಪರಿಶೀಲಿಸುವವರು ಬೇರೆ, ಮಂಜೂರು ಮಾಡುವವರು ಬೇರೆ ಎಂಬ ನಿಯಮ ಪರದೆಯ ಮೇಲೆ ಮಾತ್ರ ಉಳಿಯುತ್ತದೆ. ಲೆಕ್ಕ ಬಲ್ಲ ಕಾಯಂ ಸಿಬ್ಬಂದಿಯನ್ನು ನೇಮಿಸದೆ ಹೊಸ ತಂತ್ರಾಂಶಕ್ಕೆ ಹಣ ಸುರಿಯುವುದನ್ನು ನಾನು ಒಪ್ಪಲಾರೆ.

ಹಾಗೆಯೇ, ಹಳೆಯ ಪುಸ್ತಕಗಳ ಆರಂಭಿಕ ಶಿಲ್ಕನ್ನು ತಾಳೆ ನೋಡದೆ ಹೊಸದಕ್ಕೆ ಏರಿಸಿದರೆ ಹಳೆಯ ತಪ್ಪುಗಳೇ ಹೊಸ ಪರದೆಗೆ ಬರುತ್ತವೆ. ಆದ್ದರಿಂದ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಒಂದೊಂದು ಪುರಸಭೆಯನ್ನೂ ಕೆಲವು ಗ್ರಾಮ ಪಂಚಾಯಿತಿಗಳನ್ನೂ ಮೊದಲು ಆರಿಸಿಕೊಂಡು, ಅವುಗಳ ಬ್ಯಾಂಕ್ ಖಾತೆ, ಠೇವಣಿ, ತೆರಿಗೆ ಬಾಕಿ ಮತ್ತು ಇತ್ಯರ್ಥವಾಗದೆ ಉಳಿದ ಅಮಾನತು ಲೆಕ್ಕಗಳನ್ನು ರಾಜ್ಯ ಲೆಕ್ಕಪರಿಶೋಧನಾ ಇಲಾಖೆಯ ಸಿಬ್ಬಂದಿಯ ಸಮ್ಮುಖದಲ್ಲಿ ಚುಕ್ತಾ ಮಾಡಿಸಿ, ಮುಂದಿನ ಏಪ್ರಿಲ್ 1ರಿಂದ ಒಂದೇ ತಂತ್ರಾಂಶದಲ್ಲಿ ಲೆಕ್ಕ ಆರಂಭಿಸಬೇಕೆಂದು ಹಣಕಾಸು ಇಲಾಖೆಯನ್ನೂ ಎರಡೂ ಜಿಲ್ಲಾಡಳಿತಗಳನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಈ ತಾಳೆ ಕೆಲಸಕ್ಕೆ ನನ್ನಂಥ ನಿವೃತ್ತರನ್ನು ಕರೆದರೆ ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕ ಅಧೀಕ್ಷಕ, ಚಿತ್ರದುರ್ಗ