ಸೈಟಿನಲ್ಲಿ ಟಿಟ್ಟಿಭದ ಮೊಟ್ಟೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಫೋಟೊ ನೋಡಿದೆ. ಕಲ್ಲುಹರಳಿನ ನಡುವೆ ಇರುವ ಆ ನಾಲ್ಕು ಮೊಟ್ಟೆ ಟಿಟ್ಟಿಭ ಹಕ್ಕಿಯದ್ದು. ಪಾಯ ತೋಡಲು ಜೆಸಿಬಿ ಬರುತ್ತದೆ, ಎತ್ತಿ ಬೇಲಿ ಪಕ್ಕ ಇಡಲಾ ಅಂತ ಕೇಳಿದ್ದೀಯ. ಬೇಡ ಕಣೋ. ಜಾಗ ಬದಲಿಸಿದರೆ ಹಕ್ಕಿಗಳು ಮೊಟ್ಟೆಯನ್ನೇ ಬಿಟ್ಟುಬಿಡಬಹುದು. ಒಂದು ತಿಂಗಳು ಕೆಲಸ ಮುಂದಕ್ಕೆ ಹಾಕು.

ಅದನ್ನು ಗೂಡು ಅನ್ನಲೂ ಮನಸ್ಸು ಬರಲ್ಲ, ಅಲ್ವಾ? ನೆಲ ಕೆದಕಿ ಮಾಡಿದ ಸಣ್ಣ ಗುಳಿ, ಸುತ್ತ ಹರಳು, ಒಂದಿಷ್ಟು ಆಡಿನ ಹಿಕ್ಕೆ. ಆದರೆ ಫೋಟೊ ದೊಡ್ಡದು ಮಾಡಿ ನೋಡು. ನಾಲ್ಕರ ಚೂಪು ತುದಿಯೂ ಒಳಮುಖವಾಗಿದೆ. ಹಾಗಿದ್ದರೆ ಒತ್ತಾಗಿ ಕೂತು, ನಾಲ್ಕೂ ಹಕ್ಕಿಯ ಹೊಟ್ಟೆಯಡಿ ಹಿಡಿಸುತ್ತವೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ಹಿಂದೆ ಸರಿದರೆ ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯಲ್ಲ. ಮರೆಯೇ ಇಲ್ಲದ ಬಯಲನ್ನೇ ಅವು ಹುಡುಕುವುದು. ಯಾರು ಬಂದರೂ ದೂರದಿಂದಲೇ ಕಾಣಬೇಕು. ಕೆರೆ ಪಕ್ಕ ಗಿಡಗಂಟಿ ತೆಗೆದು ಸಮ ಮಾಡಿದ ನಿನ್ನ ಸೈಟು ಅವಕ್ಕೆ ಹೇಳಿ ಮಾಡಿಸಿದ ಜಾಗ.

ಗಂಡು, ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ, 28ರಿಂದ 30 ದಿನ. ಈ ಬೇಸಿಗೆಯಲ್ಲಿ ಕಾವಿಗಿಂತ ತಂಪು ಕೊಡುವುದೇ ದೊಡ್ಡ ಕೆಲಸ. ಮಧ್ಯಾಹ್ನ ದೂರದಿಂದ ಗಮನಿಸು. ಹಕ್ಕಿ ಕೂರುವ ಬದಲು ಮೊಟ್ಟೆಗೆ ನೆರಳಾಗಿ ನಿಂತಿರುತ್ತದೆ. ಕೆರೆಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಅದೇ ಒದ್ದೆಯಲ್ಲಿ ಮತ್ತೆ ಮೊಟ್ಟೆಯ ಮೇಲೆ ಕೂರುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗೆ ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ರಾತ್ರಿಯೂ ಕೂಗುತ್ತವೆ, ಕೆಲಸದವರಿಗೆ ನಿದ್ದೆ ಇಲ್ಲ ಅಂದೆಯಲ್ಲ. ನಾಯಿ, ಮುಂಗುಸಿ ಸುಳಿದರೆ ಕೂಗದೆ ಏನು ಮಾಡಿಯಾವು? ನೀನೂ ಫೋಟೊ ಅಂತ ಪದೇ ಪದೇ ಹತ್ತಿರ ಹೋಗಬೇಡ. ನೀನು ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ, ಕಾಗೆಗೂ ಜಾಗ ಗೊತ್ತಾಗುತ್ತದೆ. ನಾಲ್ಕು ಗೂಟ ನೆಟ್ಟು ಸುತ್ತ ಅಗಲವಾಗಿ ಹಗ್ಗ ಕಟ್ಟಿಸು, ಸಾಕು.

ಮರಿಗಳು ಗೂಡಲ್ಲಿ ಉಳಿಯಲ್ಲ. ಮೈ ಒಣಗಿದ ಕೆಲವೇ ಗಂಟೆಯಲ್ಲಿ ನಡೆದು ಹೊರಡುತ್ತವೆ, ಹುಳ ಹೆಕ್ಕಿ ತಾವೇ ತಿನ್ನುತ್ತವೆ. ಆದರೆ ಹಾರಲು ಇನ್ನೂ ವಾರಗಳು ಬೇಕು. ಅದಕ್ಕೇ ಇದೊಂದು ಮಾತು ನೆನಪಿಡು: ದೊಡ್ಡವು ಎಚ್ಚರಿಕೆ ಕೂಗಿದರೆ ಮರಿಗಳು ಓಡಲ್ಲ, ಇದ್ದಲ್ಲೇ ನೆಲಕ್ಕೆ ಅಂಟಿ ಮಲಗುತ್ತವೆ. ಜೆಸಿಬಿ ಸದ್ದಿಗೆ ಸರಿದುಹೋಗುತ್ತವೆ ಅಂದುಕೊಳ್ಳಬೇಡ. ಕೆಲಸ ಶುರು ಮಾಡುವ ದಿನ ಗಾಡಿ ಮುಂದೆ ಒಬ್ಬರು ನಿಧಾನವಾಗಿ ನೆಲ ನೋಡುತ್ತಾ ನಡೆಯಲಿ. ಕಂಟ್ರಾಕ್ಟರ್ ತಕರಾರು ಮಾಡಿದರೆ ಫೋನ್ ನನಗೆ ಕೊಡು, ನಾನು ಮಾತಾಡುತ್ತೇನೆ.

ಇಂತಿ,
ನಿನ್ನ ಗೆಳೆಯ